ಆಟದ ರಣರಂಗಕ್ಕೆ ಹೊಸ ವಾಹನ: ಚಿತ್ರ ಬರೆದರೆ ಸಾಲದು

2019ರ ಅಕ್ಟೋಬರ್‌ನಲ್ಲಿ ಪಬ್‌ಜಿ ಮೊಬೈಲ್ ಆಟಕ್ಕೆ ‘ಪೇಲೋಡ್’ ಎಂಬ ಹೊಸ ವಿಭಾಗ ಸೇರ್ಪಡೆಯಾಯಿತು. ಅದುವರೆಗೆ ಜೀಪು, ಬಗ್ಗಿ, ಬೈಕುಗಳಲ್ಲಿ ಓಡಾಡುತ್ತಿದ್ದ ಆಟಗಾರರಿಗೆ ಅಲ್ಲಿ ಮೊದಲ ಬಾರಿಗೆ ಹೆಲಿಕಾಪ್ಟರ್ ದೊರೆಯಿತು. ಆದರೆ ಗಮನಿಸಬೇಕಾದ ಸಂಗತಿ ಬೇರೆಯೇ ಇತ್ತು. ಹೆಲಿಕಾಪ್ಟರ್ ಒಂಟಿಯಾಗಿ ಬರಲಿಲ್ಲ. ಅದರ ಜೊತೆಗೆ ಭುಜದ ಮೇಲಿಟ್ಟು ಹಾರಿಸುವ ರಾಕೆಟ್ ಕೂಡ ಬಂದಿತು. ಅಷ್ಟೇ ಅಲ್ಲ, ಎರಡನ್ನೂ ಆಟದ ಮುಖ್ಯ ಭಾಗಕ್ಕೆ ಬಿಡದೆ ಪ್ರತ್ಯೇಕ ವಿಭಾಗದಲ್ಲಿಯೇ ಇರಿಸಲಾಯಿತು.

ಒಂದು ಹೆಲಿಕಾಪ್ಟರ್‌ಗಾಗಿ ಇಷ್ಟೊಂದು ಮುನ್ನೆಚ್ಚರಿಕೆ ಏಕೆ? ಹತ್ತಾರು ಮಂದಿ ಅಂತರ್ಜಾಲದ ಮೂಲಕ ಏಕಕಾಲಕ್ಕೆ ಆಡುವ ಯುದ್ಧದ ಆಟಗಳಲ್ಲಿ ಹೊಸ ವಾಹನವೊಂದನ್ನು ಸೇರಿಸುವುದೆಂದರೆ ಚದುರಂಗದ ಮಣೆಯ ಮೇಲೆ ಹೊಸ ಕಾಯಿ ಇಟ್ಟಂತೆ. ಕಾಯಿ ಕೆತ್ತುವುದು ಬಡಗಿಯ ಕೆಲಸ. ಅದರ ನಡೆ ನಿಗದಿಪಡಿಸಿದೊಡನೆ ಉಳಿದೆಲ್ಲ ಕಾಯಿಗಳ ಬೆಲೆಯೂ ಬದಲಾಗುತ್ತದೆ. ವಾಹನದ ರೂಪ ಎಷ್ಟೇ ಸುಂದರವಾಗಿರಲಿ, ಅದಕ್ಕೆ ತಕ್ಕ ಪ್ರತ್ಯುತ್ತರ ಆಟದಲ್ಲಿ ಇಲ್ಲದಿದ್ದರೆ ಆಟವೇ ಕೆಡುತ್ತದೆ. ಇದನ್ನು ಮನಗಾಣಲು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಪ್ರಸಂಗವೊಂದನ್ನು ನೋಡಬೇಕು.

ಸ್ವೀಡನ್‌ನ ಆಟ, ಹವ್ಯಾಸಿಗಳ ಮರುಭೂಮಿ

ಸ್ವೀಡನ್‌ನ ಡೈಸ್ ಸಂಸ್ಥೆ ರೂಪಿಸಿದ ‘ಬ್ಯಾಟಲ್‌ಫೀಲ್ಡ್ 1942’ ಆಟ 2002ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಇದರ ಪ್ರಕಾಶಕರು ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್. ಎರಡನೇ ಮಹಾಯುದ್ಧವನ್ನು ಆಧರಿಸಿದ ಈ ಆಟದಲ್ಲಿ ಏಕಕಾಲಕ್ಕೆ 64 ಮಂದಿ ಸೆಣಸಬಹುದಿತ್ತು. ಬಂದೂಕು ಹಿಡಿದು ಓಡುವ ಆಟಗಳು ಆಗಲೇ ಬೇಕಾದಷ್ಟಿದ್ದವು. ಇದರ ಹೊಸತನ ಇದ್ದುದು ವಾಹನಗಳಲ್ಲಿ. ಕಣ್ಣಿಗೆ ಬಿದ್ದ ಜೀಪು, ಶರ್ಮನ್ ಅಥವಾ ಟೈಗರ್ ಟ್ಯಾಂಕು, ಸ್ಪಿಟ್‌ಫೈರ್ ಅಥವಾ ಝೀರೋ ಯುದ್ಧವಿಮಾನ, ಕೊನೆಗೆ ವಿಮಾನವಾಹಕ ನೌಕೆಯನ್ನೂ ಆಟಗಾರ ತಾನೇ ಏರಿ ನಡೆಸಬಹುದಾಗಿತ್ತು.

ಈ ವೈವಿಧ್ಯದ ಹಿಂದೆ ಅಚ್ಚುಕಟ್ಟಾದ ಲೆಕ್ಕಾಚಾರವಿತ್ತು. ಟ್ಯಾಂಕು ಕಾಲಾಳನ್ನು ಸುಲಭವಾಗಿ ಮುಗಿಸುತ್ತದೆ. ಆದರೆ ಬಝೂಕಾ ಹಿಡಿದ ಟ್ಯಾಂಕ್ ನಿರೋಧಕ ಯೋಧ ಹಿಂದಿನಿಂದ ಬಂದು ಹೊಡೆದರೆ ಅದೇ ಟ್ಯಾಂಕು ಉಳಿಯುವುದು ಕಷ್ಟ, ಏಕೆಂದರೆ ಆಟದಲ್ಲಿಯೂ ಟ್ಯಾಂಕಿನ ಮುಂಭಾಗ ಗಟ್ಟಿ, ಬೆನ್ನು ದುರ್ಬಲ. ವಿಮಾನವು ಟ್ಯಾಂಕಿನ ಮೇಲೆ ಬಾಂಬು ಹಾಕುತ್ತದೆ. ವಿಮಾನಕ್ಕೆ ಇನ್ನೊಂದು ವಿಮಾನ ಅಥವಾ ನೆಲದ ಮೇಲಿನ ವಿಮಾನ ನಿರೋಧಕ ಫಿರಂಗಿ ಉತ್ತರ. ಹಾನಿಗೊಂಡ ವಾಹನವನ್ನು ದುರಸ್ತಿ ಮಾಡಲೆಂದೇ ಎಂಜಿನಿಯರ್ ಎಂಬ ಪಾತ್ರವಿತ್ತು; ವೈರಿ ವಾಹನದ ದಾರಿಯಲ್ಲಿ ನೆಲಬಾಂಬು ಹುಗಿಯುವವನೂ ಅವನೇ. ಹೀಗೆ ಪ್ರತಿಯೊಬ್ಬನಿಗೂ ಒಂದು ಬಲ, ಒಂದು ಭಯ.

ಆಟ ಮಾರುಕಟ್ಟೆಗೆ ಬಂದ ಕೆಲವೇ ತಿಂಗಳಲ್ಲಿ ಟ್ರಾಮಾ ಸ್ಟುಡಿಯೋಸ್ ಎಂಬ ಹೆಸರಿನ ಹವ್ಯಾಸಿಗಳ ತಂಡವೊಂದು ಈ ಲೆಕ್ಕಾಚಾರಕ್ಕೆ ಕೈಹಾಕಿತು. 1942ರ ಟ್ಯಾಂಕುಗಳನ್ನು ತೆಗೆದು 1991ರ ಕೊಲ್ಲಿ ಯುದ್ಧದ ವಾಹನಗಳನ್ನು ತಂದಿರಿಸಿದ ಆ ಮಾರ್ಪಾಡಿನ ಹೆಸರು ‘ಡೆಸರ್ಟ್ ಕಾಂಬ್ಯಾಟ್’. ಅಮೆರಿಕದ ಪಾಳೆಯಕ್ಕೆ ಎಂ1 ಏಬ್ರಾಮ್ಸ್ ಟ್ಯಾಂಕು, ಇರಾಕ್ ಪಾಳೆಯಕ್ಕೆ ಸೋವಿಯತ್ ಮೂಲದ ಟಿ–72. ಸ್ಕಡ್ ಕ್ಷಿಪಣಿ ಉಡಾಯಿಸುವ ಲಾರಿ. ಎ–10 ದಾಳಿ ವಿಮಾನ. ಎಲ್ಲಕ್ಕಿಂತ ಮುಖ್ಯವಾಗಿ ಅಪಾಚೆ, ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳು. ಗೇಮಿಂಗ್ ಪರಿಭಾಷೆಯಲ್ಲಿ ಇಂತಹ ಮಾರ್ಪಾಡಿಗೆ ‘ಮಾಡ್’ ಎನ್ನುತ್ತಾರೆ. ಇದು ಉಚಿತ, ಆದರೆ ಆಡಬೇಕಾದರೆ ಮೂಲ ಆಟವನ್ನು ಹಣ ಕೊಟ್ಟು ಖರೀದಿಸಿರಬೇಕು. ಹಾಗಾಗಿ ಹವ್ಯಾಸಿಗಳು ಬಿಡುವಿನ ವೇಳೆಯಲ್ಲಿ ಪಟ್ಟ ಶ್ರಮದ ಫಲದಲ್ಲಿ ಒಂದು ಪಾಲು ಕಂಪನಿಯ ಗಲ್ಲಾಪೆಟ್ಟಿಗೆಗೂ ಸೇರುತ್ತಿತ್ತು.

ರೋಟರ್ ಇಲ್ಲದ ಹೆಲಿಕಾಪ್ಟರ್

ಇಲ್ಲೊಂದು ತೊಡಕಿತ್ತು. ಬ್ಯಾಟಲ್‌ಫೀಲ್ಡ್ 1942ರಲ್ಲಿ ಹೆಲಿಕಾಪ್ಟರ್ ಇರಲಿಲ್ಲ. ಹೀಗಾಗಿ ಅದರ ತಂತ್ರಾಂಶಕ್ಕೆ ರೋಟರ್ ಎಂದರೇನೆಂದೇ ತಿಳಿದಿರಲಿಲ್ಲ.

ಆ ಆಟದಲ್ಲಿ ಪ್ರತಿ ವಾಹನವೂ ಸಾಮಾನ್ಯ ಪಠ್ಯ ಕಡತಗಳಲ್ಲಿ ಬರೆದ ಬಿಡಿಭಾಗಗಳ ಪಟ್ಟಿಯಾಗಿತ್ತು. ಚಾಲಕ ಕೂರುವ ಮೂಲ ವಸ್ತು ಒಂದು. ಅದಕ್ಕೆ ಜೋಡಿಸಿದ ‘ಎಂಜಿನ್’ ಒಂದು. ಅದು ಟ್ಯಾಂಕಿನ ಎಂಜಿನ್ನೋ, ವಿಮಾನದ್ದೋ, ಹಡಗಿನದ್ದೋ ಎಂದು ಹೇಳಿ ಅದರ ಶಕ್ತಿಯನ್ನು ಅಂಕಿಯಲ್ಲಿ ಬರೆಯಬೇಕು. ಗಾಲಿಯ ಜಾಗದಲ್ಲಿ ‘ಸ್ಪ್ರಿಂಗ್’. ಅದರ ಬಿಗಿ ಎಷ್ಟು, ನೆಲದ ಹಿಡಿತ ಎಷ್ಟು ಎಂಬುದಕ್ಕೂ ಅಂಕಿಗಳು. ವಿಮಾನವಾದರೆ ‘ವಿಂಗ್’, ಅಂದರೆ ರೆಕ್ಕೆ; ಅದು ಎಷ್ಟು ಮೇಲೆತ್ತಬೇಕೆಂಬುದನ್ನು ನಮೂದಿಸಬೇಕು. ದೋಣಿಯಾದರೆ ನೀರಿನ ಮೇಲೆ ತೇಲಿಸುವ ಭಾಗಗಳು. ತಿರುಗುವ ಗೋಪುರ, ಮೇಲೆ ಕೆಳಗೆ ಬಾಗುವ ಫಿರಂಗಿ ಎಲ್ಲವೂ ಹೀಗೆಯೇ ಒಂದಕ್ಕೊಂದು ಪೋಣಿಸಿದ ತುಂಡುಗಳು. ನಟ್ಟು ಬೋಲ್ಟು ಬಿಗಿದು ಲೋಹದ ಆಟಿಕೆ ಜೋಡಿಸುವ ಮಕ್ಕಳ ಪೆಟ್ಟಿಗೆಯನ್ನು ನೆನಪಿಸಿಕೊಂಡರೆ ಈ ವ್ಯವಸ್ಥೆ ಅರ್ಥವಾದೀತು. ಪೆಟ್ಟಿಗೆಯಲ್ಲಿ ಏನಿದೆಯೋ ಅದರಿಂದ ಮಾತ್ರ ಕಟ್ಟಬೇಕು.

ತಂತ್ರಾಂಶದ ಒಳಗನ್ನು ತಿದ್ದುವ ಅವಕಾಶ ಹವ್ಯಾಸಿಗಳಿಗೆ ಇರಲಿಲ್ಲ. ಆದ್ದರಿಂದ ವಿಮಾನಕ್ಕೆಂದು ಇದ್ದ ಎಂಜಿನ್ನು ಮತ್ತು ರೆಕ್ಕೆಗಳಿಂದಲೇ ಹೆಲಿಕಾಪ್ಟರನ್ನು ಹುಟ್ಟಿಸಬೇಕಾಯಿತು. ಮುಂದಕ್ಕೆ ಎಳೆಯುವ ಬಲವನ್ನು ಮೇಲ್ಮುಖವಾಗಿ ತಿರುಗಿಸುವುದು, ಕಾಣಿಸದ ರೆಕ್ಕೆಗಳಿಂದ ಅದನ್ನು ಸಮತೋಲನಕ್ಕೆ ತರುವುದು, ನೆತ್ತಿಯ ಮೇಲೆ ಸುಮ್ಮನೆ ತಿರುಗುವ ಅಲಂಕಾರದ ಅಲಗುಗಳನ್ನು ಕೂರಿಸುವುದು. ಈ ಉಪಾಯಗಳಿಂದ ರೂಪುಗೊಂಡ ಯಂತ್ರ ನಿಜವಾದ ಹೆಲಿಕಾಪ್ಟರ್‌ನ ನಿಯಮದಂತೆ ಹಾರುತ್ತಿರಲಿಲ್ಲ. ಆದರೆ ಪರದೆಯ ಮುಂದೆ ಕುಳಿತವನಿಗೆ ಹೆಲಿಕಾಪ್ಟರ್ ಹಾರಿಸಿದ ಅನುಭವವೇ ಆಗುತ್ತಿತ್ತು. ಆಟದಲ್ಲಿ ಬೇಕಾಗಿರುವುದೂ ಅಷ್ಟೇ ತಾನೇ!

ಕಾಣುವ ರೂಪ, ಕಾಣದ ಚೌಕಟ್ಟು

ವಾಹನದ ಹೊರರೂಪ ತಯಾರಿಕೆ ಇದಕ್ಕಿಂತ ಬೇರೆ ಕೆಲಸ. ಛಾಯಾಚಿತ್ರ, ನೀಲನಕ್ಷೆಗಳನ್ನು ಎದುರಿಗಿಟ್ಟುಕೊಂಡು ಕಲಾವಿದರು ಮೂರು ಆಯಾಮದ ಆಕೃತಿ ಕಟ್ಟುತ್ತಾರೆ; ಸಾವಿರಾರು ತ್ರಿಕೋನಗಳ ಆ ಜಾಲದ ಮೇಲೆ ಬಣ್ಣ, ತುಕ್ಕು, ಧೂಳಿನ ಹೊದಿಕೆ ಬೀಳುತ್ತದೆ. ಆದರೆ ಒಂದೇ ಆಕೃತಿ ಸಾಲದು. ಟ್ಯಾಂಕು ಹತ್ತು ಮೀಟರ್ ದೂರದಲ್ಲಿದ್ದಾಗ ಬೇಕಾಗುವ ವಿವರ ಐನೂರು ಮೀಟರ್ ದೂರದಲ್ಲಿ ಬೇಕಿಲ್ಲ. ಹಾಗಾಗಿ ಅದೇ ಟ್ಯಾಂಕಿನ ಸರಳ, ಅತಿ ಸರಳ ಪ್ರತಿಗಳು ಸಿದ್ಧವಿರುತ್ತವೆ. ದೂರ ಹೆಚ್ಚಿದಂತೆ ಗಣಕಯಂತ್ರ ಸದ್ದಿಲ್ಲದೆ ಒಂದನ್ನು ತೆಗೆದು ಇನ್ನೊಂದನ್ನು ಇಡುತ್ತದೆ. ಸುಟ್ಟು ಕರಕಲಾದ ಅವಶೇಷಕ್ಕೆ ಮತ್ತೊಂದು ಆಕೃತಿ.

ಇವೆಲ್ಲದರ ಒಳಗೆ ಆಟಗಾರನ ಕಣ್ಣಿಗೆ ಎಂದೂ ಬೀಳದ ಒರಟು ಚೌಕಟ್ಟೊಂದು ಅಡಗಿರುತ್ತದೆ. ಗುಂಡು ತಗುಲಿತೇ, ಗೋಡೆಗೆ ಬಡಿಯಿತೇ ಎಂದು ತೀರ್ಮಾನವಾಗುವುದು ಈ ಚೌಕಟ್ಟಿನ ಮೇಲೆ. ಸುಂದರ ಆಕೃತಿಗೂ ಒರಟು ಚೌಕಟ್ಟಿಗೂ ತಾಳೆಯಾಗದಿದ್ದರೆ ಕಣ್ಣೆದುರೇ ತಗುಲಿದ ಗುಂಡು ಲೆಕ್ಕಕ್ಕೆ ಸೇರುವುದಿಲ್ಲ. ಚಾಲಕ ಇಳಿಯುವ ಜಾಗವನ್ನು ಕೂಡ ಮೊದಲೇ ಗುರುತಿಸಿಡಬೇಕು. ಇಲ್ಲವಾದರೆ ಕಟ್ಟಡದ ಪಕ್ಕ ವಾಹನ ನಿಲ್ಲಿಸಿ ಇಳಿದವನು ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಾನೆ. ನೋಡುವವರಿಗೆ ನಗು ಬರುವ ಈ ದೃಶ್ಯ ಪಂದ್ಯ ಸೋತವನಿಗೆ ನಗು ತರುವುದಿಲ್ಲ.

ಇನ್ನು ಅಂತರ್ಜಾಲದ ಸಮಸ್ಯೆ. ಆಟಗಾರ ತನ್ನ ಮನೆಯ ಗಣಕದಲ್ಲಿ ನೋಡುವ ಎದುರಾಳಿಯ ವಿಮಾನ, ವಾಸ್ತವವಾಗಿ ಒಂದು ಕ್ಷಣ ಹಿಂದೆ ಇದ್ದ ಸ್ಥಾನದಿಂದ ಊಹಿಸಿದ ಚಿತ್ರ. ಸರ್ವರ್‌ನಿಂದ ಮಾಹಿತಿ ಬರುವ ನಡುವಿನ ಅಂತರವನ್ನು ಗಣಕ ಅಂದಾಜಿನಿಂದ ತುಂಬುತ್ತದೆ. ನಡೆದುಹೋಗುವ ಕಾಲಾಳಿನ ವಿಷಯದಲ್ಲಿ ಅಂದಾಜು ಒಂದು ಗೇಣು ತಪ್ಪಿದರೆ, ಗಂಟೆಗೆ ನೂರಾರು ಕಿಲೋಮೀಟರ್ ವೇಗದ ಜೆಟ್ ವಿಷಯದಲ್ಲಿ ಹತ್ತಾರು ಮೀಟರ್ ತಪ್ಪುತ್ತದೆ. ವೇಗದ ವಾಹನಕ್ಕೆ ದೊಡ್ಡ ಮೈದಾನವೂ ಬೇಕು. ಕಾಲಾಳಿಗೆ ಇಡೀ ಪ್ರಪಂಚವೆನಿಸುವ ಒಂದೆರಡು ಕಿಲೋಮೀಟರ್ ಅಗಲದ ನಕ್ಷೆ ಜೆಟ್‌ಗೆ ಹಿತ್ತಲಿದ್ದಂತೆ. ನೇರ ಹಾರುವುದಕ್ಕಿಂತ ತಿರುಗುವುದೇ ಹೆಚ್ಚು. ನಕ್ಷೆಯನ್ನು ಹಿಗ್ಗಿಸಿದರೆ ಕಾಲಾಳುಗಳು ವೈರಿಯನ್ನು ಹುಡುಕುತ್ತಾ ನಿಮಿಷಗಟ್ಟಲೆ ಓಡಬೇಕಾಗುತ್ತದೆ. ಈ ಇಕ್ಕಟ್ಟಿಗೆ ಪೂರ್ಣ ಪರಿಹಾರ ಎಂಬುದಿಲ್ಲ, ಒಪ್ಪಂದ ಮಾತ್ರ ಇದೆ.

ಬಲಾಬಲದ ತಕ್ಕಡಿ

ಎಲ್ಲಕ್ಕಿಂತ ಕಠಿಣವಾದುದು ಬಲಾಬಲದ ಹೊಂದಾಣಿಕೆ. ಡೆಸರ್ಟ್ ಕಾಂಬ್ಯಾಟ್ ತಂಡ ಹೆಲಿಕಾಪ್ಟರ್ ತಂದೊಡನೆ ಮರುಭೂಮಿಯ ಟ್ಯಾಂಕುಗಳು ಬಯಲಿನಲ್ಲಿ ನಿಂತ ಕುರಿಗಳಾದವು. ವಿಮಾನದಂತೆ ಹಾದುಹೋಗದೆ ಇದ್ದಲ್ಲಿಯೇ ನಿಂತು ಗುರಿಯಿಡಬಲ್ಲ ಯಂತ್ರಕ್ಕೆ 1942ರ ನಿಯಮಗಳಲ್ಲಿ ಉತ್ತರವೇ ಇರಲಿಲ್ಲ. ಆದ್ದರಿಂದ ವಿಮಾನ ನಿರೋಧಕ ಫಿರಂಗಿ ಹೊತ್ತ ವಾಹನಗಳು, ಗುರಿಯನ್ನು ಬೆನ್ನಟ್ಟುವ ಕ್ಷಿಪಣಿಗಳು ಜೊತೆಗೂಡಬೇಕಾಯಿತು. ಕ್ಷಿಪಣಿ ತಪ್ಪದೆ ತಗುಲಿದರೆ ಹೆಲಿಕಾಪ್ಟರ್ ಏರುವವರೇ ಇರುವುದಿಲ್ಲ. ತಗುಲದಿದ್ದರೆ ಕ್ಷಿಪಣಿ ಎತ್ತುವವರಿರುವುದಿಲ್ಲ. ನಡುವಿನ ಹದ ಹುಡುಕುತ್ತಾ ಆವೃತ್ತಿಯ ಮೇಲೆ ಆವೃತ್ತಿ ಹೊರಬಂದವು.

ಅನುಭವಿ ಕಂಪನಿಗಳೂ ಇಲ್ಲಿ ಎಡವಿವೆ. 2005ರಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 2’ರಲ್ಲಿ ಚೀನಾ ಪಾಳೆಯದ ಜೆ–10 ಯುದ್ಧವಿಮಾನ ಎಲ್ಲರನ್ನೂ ಮೀರಿಸುತ್ತದೆ, ನೆಲದಿಂದ ಹಾರಿಸುವ ಕ್ಷಿಪಣಿಗಳಿಗೆ ಬಲವೇ ಇಲ್ಲ ಎಂಬ ದೂರುಗಳು ಆಟಗಾರರಿಂದ ಕೇಳಿಬಂದವು, ಕ್ಷಿಪಣಿಗಳನ್ನು ನಂತರದ ಪ್ಯಾಚ್‌ಗಳಲ್ಲಿ ಬಲಪಡಿಸಲಾಯಿತು. ಅದೇ ಸರಣಿಯ 2021ರ ‘ಬ್ಯಾಟಲ್‌ಫೀಲ್ಡ್ 2042’ ಆಟದಲ್ಲಿ ಸೇರಿಸಿದ ಹೋವರ್‌ಕ್ರಾಫ್ಟ್ ಇನ್ನೂ ಸ್ವಾರಸ್ಯಕರ. ನೀರು, ನೆಲ ಎರಡರ ಮೇಲೂ ಸಾಗಬೇಕಿದ್ದ ಈ ವಾಹನ ಗಗನಚುಂಬಿ ಕಟ್ಟಡಗಳ ಗೋಡೆಯನ್ನೇ ಏರುತ್ತಿದ್ದ ದೃಶ್ಯಗಳು ಅಂತರ್ಜಾಲದಲ್ಲೆಲ್ಲಾ ಹರಿದಾಡಿದವು. ಜೊತೆಗೆ ಟ್ಯಾಂಕನ್ನೂ ನಾಚಿಸುವಷ್ಟು ಗಟ್ಟಿಯಾಗಿತ್ತು. ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಕಂಪನಿ ಅದರ ಶಕ್ತಿಯನ್ನು ಕುಗ್ಗಿಸಿತು. 128 ಮಂದಿ ಆಡುವ ಆಟದಲ್ಲಿ ತಪ್ಪಾದ ಒಂದೆರಡು ಅಂಕಿಗಳು ಎಷ್ಟು ಜನರ ಸಂಜೆಯನ್ನು ಕೆಡಿಸಬಲ್ಲವು ಎಂಬುದಕ್ಕೆ ಇದು ನಿದರ್ಶನ.

ಹೆಸರು ಯಾರದ್ದು, ಗುಟ್ಟು ಯಾರದ್ದು?

ಕಾಲ್ಪನಿಕ ಟ್ಯಾಂಕಿಗೆ ಈ ಚಿಂತೆಯಿಲ್ಲ. ನಿಜವಾದ ಯುದ್ಧವಾಹನದ ಹೆಸರು, ರೂಪ ಬಳಸಿದರೆ ಅದರ ತಯಾರಕರು ಬಾಗಿಲು ತಟ್ಟಬಹುದು. 2011ರ ‘ಬ್ಯಾಟಲ್‌ಫೀಲ್ಡ್ 3’ರಲ್ಲಿ ಬೆಲ್ ಕಂಪನಿಯ ಹೆಲಿಕಾಪ್ಟರ್‌ಗಳು ಕಾಣಿಸಿಕೊಂಡಾಗ ಅದರ ಒಡೆತನ ಹೊಂದಿರುವ ಟೆಕ್ಸ್‌ಟ್ರಾನ್ ಆಕ್ಷೇಪ ಎತ್ತಿತು. ಎಲೆಕ್ಟ್ರಾನಿಕ್ ಆರ್ಟ್ಸ್ 2012ರ ಜನವರಿಯಲ್ಲಿ ತಾನೇ ಮುಂದಾಗಿ ನ್ಯಾಯಾಲಯದ ಮೊರೆಹೋಗಿ, ಇದಕ್ಕೆ ಅನುಮತಿ ಅಗತ್ಯವಿಲ್ಲ ಎಂದು ಘೋಷಿಸುವಂತೆ ಕೋರಿತು. ಆ ವ್ಯಾಜ್ಯ ಕೊನೆಗೆ ರಾಜಿಯಲ್ಲಿ ಮುಗಿದದ್ದರಿಂದ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು.

ಸ್ಪಷ್ಟ ಉತ್ತರ ದೊರೆತದ್ದು ಮತ್ತೊಂದು ಪ್ರಕರಣದಲ್ಲಿ. ‘ಕಾಲ್ ಆಫ್ ಡ್ಯೂಟಿ’ ಆಟಗಳಲ್ಲಿ ತನ್ನ ಹಮ್ವೀ ವಾಹನವನ್ನು ಬಳಸಿದ್ದಕ್ಕಾಗಿ ಎಎಂ ಜನರಲ್ ಸಂಸ್ಥೆ 2017ರಲ್ಲಿ ಆ್ಯಕ್ಟಿವಿಷನ್ ವಿರುದ್ಧ ದಾವೆ ಹೂಡಿತು. 2020ರ ಮಾರ್ಚ್ 31ರಂದು ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಧೀಶ ಜಾರ್ಜ್ ಡೇನಿಯಲ್ಸ್ ಆಟದ ಕಂಪನಿಯ ಪರ ತೀರ್ಪು ನೀಡಿದರು. ನೈಜತೆಯನ್ನು ಬಿಂಬಿಸುವುದು ಕಲೆಯ ಉದ್ದೇಶವಾಗಿದ್ದರೆ, ನಿಜವಾದ ಸೇನೆಗಳು ಬಳಸುವ ವಾಹನ ಆಟದಲ್ಲಿರುವುದು ಆ ಉದ್ದೇಶಕ್ಕೆ ಪೂರಕ ಎಂಬುದು ತೀರ್ಪಿನ ಸಾರ.

ನೈಜತೆಯ ಹಂಬಲ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ‘ವಾರ್ ಥಂಡರ್’ ಉದಾಹರಣೆ. ಗೈಜಿನ್ ಸಂಸ್ಥೆಯ ಈ ಆಟದಲ್ಲಿ ಪ್ರತಿ ಟ್ಯಾಂಕಿನ ಉಕ್ಕಿನ ದಪ್ಪ, ಗೋಪುರ ತಿರುಗುವ ವೇಗ ಎಲ್ಲವೂ ದಾಖಲೆಗಳಿಗೆ ಅನುಗುಣವಾಗಿರಬೇಕು ಎಂಬ ಹಟ. ತನ್ನ ನೆಚ್ಚಿನ ಟ್ಯಾಂಕನ್ನು ದುರ್ಬಲವಾಗಿ ತೋರಿಸಲಾಗಿದೆ ಎಂದು ವಾದಿಸುವ ಭರದಲ್ಲಿ ಆಟಗಾರನೊಬ್ಬ 2021ರ ಜುಲೈನಲ್ಲಿ ಬ್ರಿಟನ್ನಿನ ಚಾಲೆಂಜರ್ 2 ಟ್ಯಾಂಕಿನ ಕೈಪಿಡಿಯ ಭಾಗಗಳನ್ನೇ ಬಹಿರಂಗಪಡಿಸಿದ. ಆ ಕೈಪಿಡಿ ಸೇನೆಯ ಗೋಪ್ಯ ದಾಖಲೆ! ಅದೇ ವರ್ಷ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನ ಲೆಕ್ಲರ್ಕ್, 2022ರ ಜೂನ್‌ನಲ್ಲಿ ಚೀನಾದ ಟ್ಯಾಂಕ್ ಮದ್ದುಗುಂಡಿನ ವಿವರಗಳು ಇದೇ ರೀತಿ ಹೊರಬಿದ್ದವು. ಸಂಸ್ಥೆ ಅವುಗಳನ್ನು ತೆಗೆದುಹಾಕಿತು. ಗೋಪ್ಯ ದಾಖಲೆಗಳನ್ನು ತಾನು ಬಳಸುವುದಿಲ್ಲ ಎಂದೂ ಸ್ಪಷ್ಟಪಡಿಸಿತು. ಬೇಹುಗಾರರು ವರ್ಷಗಟ್ಟಲೆ ಬೆನ್ನುಹತ್ತುವ ಗುಟ್ಟು ಆಟದ ಜಗಳವೊಂದರಲ್ಲಿ ಗೆಲ್ಲಬೇಕೆಂಬ ಹುಮ್ಮಸ್ಸಿಗೆ ಬಯಲಾಯಿತು ಎಂದರೆ ನಂಬುವುದು ಕಷ್ಟ, ಆದರೆ ನಡೆದದ್ದು ಹಾಗೆಯೇ.

ಬೆಂಗಳೂರಿನ ಕೈಗಳು

ವಾಹನದ ಹೊರರೂಪ ಕಟ್ಟುವ ಕಸುಬಿಗೆ ನಮ್ಮ ರಾಜಧಾನಿಯ ನಂಟೂ ಇದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮಿಂಗ್ ಸಂಸ್ಥೆಗಳಲ್ಲಿ ಒಂದು. ಯುದ್ಧವಾಹನವಲ್ಲದಿದ್ದರೂ, ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಎಂಬ ಕಾರು ಪಂದ್ಯದ ಆಟಗಳಿಗೆ ಕಾರುಗಳ ಆಕೃತಿ ಸಿದ್ಧಪಡಿಸಿದವರಲ್ಲಿ ಅಲ್ಲಿನ ಕಲಾವಿದರೂ ಸೇರಿದ್ದಾರೆ. ಕಾರಾಗಲಿ ಟ್ಯಾಂಕಾಗಲಿ ಕೆಲಸದ ಬಗೆ ಒಂದೇ. ಸ್ವೀಡನ್‌ನ ಸ್ಟಾರ್‌ಬ್ರೀಜ್ ಕೈಯಲ್ಲಿದ್ದ ಈ ಸಂಸ್ಥೆಯನ್ನು 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಖ್ಯಾತಿಯ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಆದರೆ ವಾಹನದ ಬಲವೆಷ್ಟು, ಅದಕ್ಕೆ ಉತ್ತರವೇನು ಎಂಬ ತೀರ್ಮಾನ ಮೂಲ ಆಟ ರೂಪಿಸುವವರ ಕೈಯಲ್ಲಿಯೇ ಉಳಿಯುತ್ತದೆ. ಆಕೃತಿ ಕಟ್ಟುವವರಿಗೆ ಹೆಸರು ಬರುವುದು ಆಟ ಮುಗಿದ ಮೇಲೆ ಪರದೆಯಲ್ಲಿ ಓಡುವ ಉದ್ದನೆಯ ಪಟ್ಟಿಯಲ್ಲಿ, ಬಂದರೆ.

ಹೆಲಿಕಾಪ್ಟರ್ ತಂದವರ ಗತಿ

ಡೆಸರ್ಟ್ ಕಾಂಬ್ಯಾಟ್‌ನ ಯಶಸ್ಸನ್ನು ಮೂಲ ಕಂಪನಿ ಕಣ್ಣಿಟ್ಟು ನೋಡುತ್ತಿತ್ತು. 2004ರಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ ವಿಯೆಟ್ನಾಂ’ನಲ್ಲಿ ಹ್ಯೂಯಿ ಹೆಲಿಕಾಪ್ಟರ್‌ಗಳಿದ್ದವು. ಆಧುನಿಕ ಯುದ್ಧವನ್ನೇ ವಸ್ತುವಾಗಿ ಆರಿಸಿಕೊಂಡ ‘ಬ್ಯಾಟಲ್‌ಫೀಲ್ಡ್ 2’ ಸಿದ್ಧವಾಗುತ್ತಿದ್ದ ದಿನಗಳಲ್ಲಿ, ಅದೇ 2004ರಲ್ಲಿ, ಡೈಸ್ ಸಂಸ್ಥೆ ಟ್ರಾಮಾ ಸ್ಟುಡಿಯೋಸನ್ನು ಖರೀದಿಸಿತು. ಹವ್ಯಾಸಿಗಳು ವೃತ್ತಿಪರರಾದರು. ಏಬ್ರಾಮ್ಸ್ ಟ್ಯಾಂಕು, ದಾಳಿ ಹೆಲಿಕಾಪ್ಟರ್, ವಿಮಾನ ನಿರೋಧಕ ವಾಹನ ಎಲ್ಲವೂ ಈ ಬಾರಿ ಅಧಿಕೃತವಾಗಿಯೇ ಬಂದವು. ಹೆಲಿಕಾಪ್ಟರ್‌ಗಾಗಿ ವಿಮಾನದ ರೆಕ್ಕೆಗಳನ್ನು ಎರವಲು ಪಡೆಯುವ ಕಷ್ಟ ಇರಲಿಲ್ಲ.

2005ರ ಜೂನ್‌ನಲ್ಲಿ ಆಟ ಬಿಡುಗಡೆಯಾಯಿತು. ಅದರ ಬೆನ್ನಿಗೇ ಟ್ರಾಮಾ ಸ್ಟುಡಿಯೋಸನ್ನು ಮುಚ್ಚಲಾಯಿತು.

ತಂಡದ ಹಲವರು ಟಿಎಚ್‌ಕ್ಯು ಎಂಬ ಮತ್ತೊಂದು ಪ್ರಕಾಶನ ಸಂಸ್ಥೆಯ ಆಶ್ರಯದಲ್ಲಿ ನ್ಯೂಯಾರ್ಕ್‌ನಲ್ಲಿ ಕೇಯಾಸ್ ಸ್ಟುಡಿಯೋಸ್ ಸ್ಥಾಪಿಸಿದರು. 2008ರಲ್ಲಿ ಹೊರಬಂದ ಅವರ ‘ಫ್ರಂಟ್‌ಲೈನ್ಸ್: ಫ್ಯೂಯೆಲ್ ಆಫ್ ವಾರ್’ ಆಟದಲ್ಲಿ ಟ್ಯಾಂಕು, ಹೆಲಿಕಾಪ್ಟರ್‌ಗಳ ಜೊತೆಗೆ ಯೋಧ ದೂರದಿಂದಲೇ ನಡೆಸುವ ಪುಟ್ಟ ಡ್ರೋನ್‌ಗಳಿದ್ದವು. ಡ್ರೋನ್ ಎಂಬ ಪದ ಸಾಮಾನ್ಯರ ಬಾಯಿಗೆ ಇನ್ನೂ ಬಾರದಿದ್ದ ಕಾಲವದು. 2011ರ ಮಾರ್ಚ್‌ನಲ್ಲಿ ಅವರ ಎರಡನೇ ಆಟ ‘ಹೋಮ್‌ಫ್ರಂಟ್’ ಬಂತು. ಅದೇ ವರ್ಷ ಜೂನ್‌ನಲ್ಲಿ ಟಿಎಚ್‌ಕ್ಯು ಈ ಸ್ಟುಡಿಯೋವನ್ನೂ ಮುಚ್ಚಿತು. 2012ರ ಡಿಸೆಂಬರ್‌ನಲ್ಲಿ ಟಿಎಚ್‌ಕ್ಯು ತಾನೇ ದಿವಾಳಿ ಅರ್ಜಿ ಸಲ್ಲಿಸಿತು.

ಬ್ಯಾಟಲ್‌ಫೀಲ್ಡ್ 1942ರ ಆಟಗಾರರನ್ನು ಸರ್ವರ್‌ಗಳಿಗೆ ಜೋಡಿಸುತ್ತಿದ್ದ ಗೇಮ್‌ಸ್ಪೈ ಸೇವೆ 2014ರಲ್ಲಿ ಸ್ಥಗಿತಗೊಂಡಿತು. ಆ ಬಳಿಕ ಅಭಿಮಾನಿಗಳೇ ಬದಲಿ ವ್ಯವಸ್ಥೆ ಕಲ್ಪಿಸಿಕೊಂಡು, ವಿಮಾನದ ರೆಕ್ಕೆ ಮರೆಮಾಡಿಕೊಂಡ ಆ ಹಳೆಯ ಅಪಾಚೆಗೆ ಹಾರಲು ಜಾಗ ಉಳಿಸಿಕೊಟ್ಟಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ ‘ಬ್ಯಾಟಲ್‌ಫೀಲ್ಡ್ 6’ರಲ್ಲಿಯೂ ದಾಳಿ ಹೆಲಿಕಾಪ್ಟರ್‌ಗಳಿವೆ, ಅವುಗಳನ್ನು ಉರುಳಿಸುವ ಕ್ಷಿಪಣಿಗಳೂ ಇವೆ.